ಬೇಸಗೆಯ ತಂಪು ಪಾನೀಯಗಳ ಚರಿತ್ರೆ



ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಅರಮನೆಗೋ ರಣರಂಗಕ್ಕೋ ಹೋಗುವುದು ವಾಡಿಕೆ. ಆದರೆ ವೈಶಾಖದ ಬಿಸಿಲಿನಲ್ಲಿ ಬಳಲಿ ಬಂದವನು ಕುಡಿಯುವ ಒಂದು ಲೋಟ ಪಾನಕಕ್ಕೂ ಚರಿತ್ರೆಯುಂಟು. ಅದನ್ನು ವಿಚಾರಿಸುವವನು ಎರಡು ಪ್ರಶ್ನೆಗಳನ್ನು ಕೇಳಬೇಕಾಗುವುದು: ನೀರನ್ನು ತಂಪುಮಾಡಿದ ಬಗೆ ಯಾವುದು? ಹಾಗೆ ತಂಪಾದ ನೀರು ಯಾರ ಬಾಯಾರಿಕೆಯನ್ನು ನೀಗಿಸಿತು?

ಮೊದಲು ಅರಮನೆಯನ್ನೇ ನೋಡೋಣ. ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ನೀರು ಕುಡಿಯುವುದೂ ರಾಜಭೋಗಗಳಲ್ಲಿ ಒಂದೆಂದು ಎಣಿಸಲ್ಪಟ್ಟಿದೆ. ನೀರಿನ ಬಗೆಗಳನ್ನೂ ಅದನ್ನು ಸುವಾಸಿತಗೊಳಿಸುವ ಕ್ರಮವನ್ನೂ ದೊರೆಯು ಅಲ್ಲಿ ವಿವರಿಸಿದ್ದಾನೆ. 16ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನು ತನ್ನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳ ವಿಷಯವನ್ನು ಕನ್ನಡ ಷಟ್ಪದಿಗಳಲ್ಲಿಯೇ ಹೇಳಿರುವನು.

ಉತ್ತರದಲ್ಲಿ ಅಕ್ಬರ್ ಬಾದಷಹನ ಆಸ್ಥಾನದವರು ಪೆಟ್ಲುಪ್ಪಿನಿಂದ ನೀರನ್ನು ತಣಿಸುತ್ತಿದ್ದರೆಂದು ಅಬುಲ್ ಫಜಲನ ‘ಐನ್-ಇ-ಅಕ್ಬರಿ’ಯಿಂದ ತಿಳಿದುಬರುತ್ತದೆ. ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದು. ಆ ದ್ರಾವಣದಲ್ಲಿ ಬಾಯಿ ಮುಚ್ಚಿದ ಲೋಹದ ಹೂಜಿಯನ್ನು ಅಲುಗಾಡಿಸಿದರೆ ಒಳಗಿನ ನೀರು ತಣ್ಣಗಾಗುವುದು. 1586ರ ಸುಮಾರಿನಲ್ಲಿ ಆಸ್ಥಾನವು ಪಂಜಾಬಿಗೆ ಹೋದ ಬಳಿಕ ಉತ್ತರದ ಬೆಟ್ಟಗಳಿಂದ ಹಿಮವನ್ನೇ ತರಿಸಲಾರಂಭಿಸಿದರು.

ಅರಸನಿಗೆ ಹಿಮವಾಯಿತು, ದಾರಿಹೋಕನಿಗೇನು? ಅವನಿಗೆ ಕುಂಬಾರನ ಮಡಕೆಯಿದ್ದಿತು. ಮಣ್ಣಿನ ಸೂಕ್ಷ್ಮರಂಧ್ರಗಳಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಸೆಳೆದುಕೊಳ್ಳುವುದು. ಆ ಮಡಕೆಗೆ ಒದ್ದೆಬಟ್ಟೆಯನ್ನು ಸುತ್ತಿ, ಒಳಗೆ ಲಾವಂಚದ ಬೇರನ್ನು ಹಾಕಿದರೆ ತಂಪೂ ಆಯಿತು, ಕಂಪೂ ಆಯಿತು. ಬೆಲ್ಲ, ಏಲಕ್ಕಿ, ಶುಂಠಿ, ಮೆಣಸುಗಳನ್ನು ಸೇರಿಸಿದ ಪಾನಕವೂ, ಉಪ್ಪು ಬೆರೆತ ನೀರುಮಜ್ಜಿಗೆಯೂ ನಮ್ಮ ಜನರು ಅನುಭವದಿಂದ ಆರಿಸಿಕೊಂಡವು. ಬೆವರಿನಲ್ಲಿ ಕಳೆದುಹೋದ ನೀರು, ಲವಣಗಳನ್ನು ಮಜ್ಜಿಗೆಯು ತಕ್ಕಮಟ್ಟಿಗೆ ತುಂಬಿಕೊಡುವುದು. ಶ್ರೀರಾಮನವಮಿಯಂದು ಇವನ್ನೇ ಕೋಸಂಬರಿಯೊಡನೆ ಹಂಚುವ ಪದ್ಧತಿಯಲ್ಲಿ ಋತುಧರ್ಮವೂ ದಾನಧರ್ಮವೂ ಕೂಡಿಕೊಂಡಿವೆ.

ಈ ದಾನವನ್ನು ನಮ್ಮ ಹಿರಿಯರು ಅರವಟ್ಟಿಗೆಯೆಂದು ಕರೆದರು. ‘ಅರವಂಟಿಗೆ’ ಎಂಬ ರೂಪದಲ್ಲಿ ಈ ಮಾತು ಹಳೆಯ ಶಾಸನಗಳಲ್ಲಿ ದೊರೆಯುವುದು. ದೇಗುಲವನ್ನು ಕಟ್ಟಿಸಿ ಕೆರೆಯನ್ನು ತೋಡಿಸಿದವರಂತೆಯೇ, ದಾರಿಯಲ್ಲಿ ನೀರು ಹೊಯ್ಯಿಸುವುದಕ್ಕಾಗಿ ಭೂಮಿಯನ್ನು ಬಿಟ್ಟವರೂ ಪುಣ್ಯವಂತರೆನಿಸಿದರು.

19ನೆಯ ಶತಮಾನದಲ್ಲಿ ತಂಪು ವ್ಯಾಪಾರದ ಸರಕಾಯಿತು. ಅಮೆರಿಕದ ಫ್ರೆಡರಿಕ್ ಟ್ಯೂಡರನು 1833ರಲ್ಲಿ ‘ಟಸ್ಕನಿ’ಯೆಂಬ ಹಡಗಿನಲ್ಲಿ ಸುಮಾರು 180 ಟನ್ ಮಂಜುಗಡ್ಡೆಯನ್ನು ಬಾಸ್ಟನ್ನಿನಿಂದ ಕಲ್ಕತ್ತೆಗೆ ಕಳುಹಿಸಿದನು. ಚಳಿಗಾಲದಲ್ಲಿ ಅಲ್ಲಿಯ ಕೊಳಗಳಿಂದ ಕೊಯ್ದ ಆ ಗಡ್ಡೆಯು ನಾಲ್ಕು ತಿಂಗಳು ಕಡಲಲ್ಲಿದ್ದು, ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಿ ಬಂದರೂ ಸುಮಾರು 100 ಟನ್ ಉಳಿದಿದ್ದಿತು. 1842ರಲ್ಲಿ ಮದರಾಸಿನ ಕಡಲತೀರದಲ್ಲಿಯೂ ಇದಕ್ಕಾಗಿ ಒಂದು ಮಂಜಿನ ಮನೆ ಎದ್ದಿತು. ಆ ಶತಮಾನದ ಕೊನೆಯ ಭಾಗದಲ್ಲಿ ಯಂತ್ರಗಳು ಇಲ್ಲಿಯೇ ಮಂಜುಗಡ್ಡೆಯನ್ನು ಮಾಡತೊಡಗಿದುವು. ಈ ವಿಚಿತ್ರ ವ್ಯಾಪಾರವು ಅಳಿಯಿತು. ಹಣವುಳ್ಳವನಿಗೆ ಮಂಜುಗಡ್ಡೆ ಸುಲಭವಾಯಿತು.

ಆದರೆ ಹಣದಿಂದ ದಾಟಲಾಗದ ಗಡಿಯೊಂದು ಉಳಿದೇ ಇದ್ದಿತು. ಅರವಟ್ಟಿಗೆಯನ್ನು ಹೊಗಳುವ ನಾವು ಇದನ್ನು ಮುಚ್ಚಿಡಬಾರದು. ಎಷ್ಟೋ ಊರುಗಳಲ್ಲಿ ಅಸ್ಪೃಶ್ಯರೆನಿಸಿಕೊಂಡವರು ಕೆರೆಬಾವಿಗಳಿಂದ ದೂರವೇ ನಿಂತು, ಯಾರಾದರೂ ಮೇಲಿನಿಂದ ಬೊಗಸೆಗೆ ಸುರಿಯುವ ನೀರಿಗಾಗಿ ಕಾಯಬೇಕಾಗಿದ್ದಿತು. ದನಗಳು ಕುಡಿಯುವ ಕೆರೆಯಲ್ಲಿ ಮನುಷ್ಯನು ಕುಡಿಯಕೂಡದೆಂಬ ಕಟ್ಟಳೆಯಿದ್ದಿತು. 1927ನೆಯ ಮಾರ್ಚ್ 20ರಂದು ಕೊಂಕಣದ ಮಹಾಡಿನಲ್ಲಿ ಡಾಕ್ಟರ್ ಅಂಬೇಡ್ಕರರು ಸಹಸ್ರಾರು ಜನರೊಡನೆ ಚವದಾರ್ ಕೆರೆಗೆ ನಡೆದುಹೋಗಿ ನೀರನ್ನು ಕುಡಿದರು. ಆ ಕೆರೆಯು ಎಲ್ಲರಿಗೂ ಸೇರಿದುದೆಂದು ಪುರಸಭೆಯು ಮೊದಲೇ ನಿರ್ಣಯಿಸಿದ್ದರೂ, ಆ ಒಂದು ಗುಟುಕಿನ ಬಳಿಕ ಕೆರೆಯನ್ನು ‘ಶುದ್ಧಿ’ ಮಾಡಿದವರುಂಟು. ಮೊಕದ್ದಮೆಯು ಬೊಂಬಾಯಿಯ ಉಚ್ಚ ನ್ಯಾಯಾಲಯದಲ್ಲಿ ಮುಗಿಯುವ ಹೊತ್ತಿಗೆ 1937 ಬಂದಿತ್ತು. ತೀರ್ಪು ಅಂಬೇಡ್ಕರರ ಪಕ್ಷಕ್ಕೆ ಆಯಿತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯು ಸಾರ್ವಜನಿಕ ಬಾವಿ, ಕೆರೆಗಳ ಉಪಯೋಗದಲ್ಲಿ ಜಾತಿಭೇದವನ್ನು ನಿಷೇಧಿಸಿತು.

ಮಹನೀಯರೇ, ಸೋಮೇಶ್ವರನ ಸುವಾಸಿತ ಜಲವೂ ಅಕ್ಬರನ ಹಿಮವೂ ಜಾಣ್ಮೆಯ ಫಲಗಳು. ಅವನ್ನು ನಾವು ಮೆಚ್ಚಲೇಬೇಕು. ಆದರೂ ಒಂದು ನಾಡಿನ ನಾಗರಿಕತೆಯನ್ನು ಅಳೆಯಬೇಕಾದರೆ ಅರಮನೆಯ ಹೂಜಿಗಿಂತ ಬೀದಿಬದಿಯ ಮಡಕೆಯನ್ನು ನೋಡುವುದು ಲೇಸು. ಬೇಸಗೆಯಲ್ಲಿ ತಮ್ಮ ಮನೆಯ ಬಾಗಿಲಿಗೆ ಬಂದವನಿಗೆ ಒಂದು ಲೋಟ ಮಜ್ಜಿಗೆಯನ್ನು ಕೊಡುವಾಗ ಕುಲವನ್ನು ಕೇಳದೆ, ಲೋಟವನ್ನು ಬೇರೆ ಮಾಡದೆ ಕೊಟ್ಟರೆ, ಅರವಟ್ಟಿಗೆಯನ್ನಿಟ್ಟ ಹಿರಿಯರ ಧರ್ಮವನ್ನು ಉಳಿಸಿದಂತೆಯೂ ಆಗುವುದು, ಅವರು ಬಿಟ್ಟುಹೋದ ಕೊರತೆಯನ್ನು ತುಂಬಿದಂತೆಯೂ ಆಗುವುದು.