ಗುರುತಿಲ್ಲದವರೊಡನೆ ಪಣ

ಮಂಗಳೂರಿನಲ್ಲಿ ಬಿ.ಎ. ಓದುತ್ತಿದ್ದಾಗಿನ ಮಾತು. ಕಾಸರಗೋಡಿನ ಸಂಜೆ ರೈಲಿಗೆ ಹೊತ್ತಿದ್ದರೆ ಗೆಳೆಯರೊಡನೆ ಪೂಲ್ ಆಡುವಲ್ಲಿಗೆ ಹೋಗುವುದಿತ್ತು. ಒಂದು ದಿನ ಗುರುತಿಲ್ಲದ ನಡುಪ್ರಾಯದವರೊಬ್ಬರು ಕೋಲು ಹಿಡಿಯಲೂ ಬಾರದವರಂತೆ ಆಡಿ, ನನಗೆ ಎರಡು ಸಲ ಸೋತು ಹತ್ತು ಹತ್ತು ರೂಪಾಯಿ ಕೊಟ್ಟರು. “ಇನ್ನೊಂದು ಆಡುವನಾ ತಮ್ಮಾ? ಪಣ ಸ್ವಲ್ಪ ದೊಡ್ಡದಿರಲಿ” ಎಂದರು. ಆ ಆಟದಲ್ಲಿ ಅಮ್ಮ ಬೀಡಿ ಕಟ್ಟಿ ಕೂಡಿಸಿದ್ದ ಪರೀಕ್ಷೆಯ ಫೀಸು ಹೋಯಿತು. ನನ್ನ ಗ್ರಹಚಾರ ಎಂದೇ ಬಹುಕಾಲ ನಂಬಿದ್ದೆ. ಆಟದ ಚರಿತ್ರೆ ಓದಿದ ಮೇಲೆ ತಿಳಿಯಿತು, ಅಲ್ಲಿ ಗ್ರಹಚಾರಕ್ಕೆ ಕೆಲಸವೇ ಇರಲಿಲ್ಲ.

‘ಪೂಲ್’ ಎಂಬ ಹೆಸರೇ ಪಣದಿಂದ ಬಂದದ್ದು. ಎಲ್ಲರೂ ಒಟ್ಟುಗೂಡಿಸಿದ ಬಾಜಿಯ ಹಣಕ್ಕೆ ಆ ಹೆಸರು. ಬ್ರಿಟಿಷ್ ಸೇನಾಧಿಕಾರಿಗಳು ಮೆಸ್ಸುಗಳಲ್ಲಿ ಹಣ ಕಟ್ಟಿ ‘ಲೈಫ್ ಪೂಲ್’, ‘ಬ್ಲ್ಯಾಕ್ ಪೂಲ್’ ಆಡುತ್ತಿದ್ದರು. 1875ರಲ್ಲಿ ಜಬಲ್‌ಪುರದ ಮೆಸ್ಸಿನಲ್ಲಿ ನೆವಿಲ್ ಚೇಂಬರ್ಲೇನ್ ಎಂಬ ತರುಣ ಅಧಿಕಾರಿ ಇದಕ್ಕೆ ಬಣ್ಣದ ಚೆಂಡುಗಳನ್ನು ಸೇರಿಸಿದಾಗ ಸ್ನೂಕರ್ ಹುಟ್ಟಿತೆನ್ನುತ್ತಾರೆ. ಅದರ ನಿಯಮಗಳು 1882ರಲ್ಲಿ ಊಟಿಯ ಕ್ಲಬ್ಬಿನಲ್ಲಿ ರೂಪುಗೊಂಡವೆಂದು ಪ್ರತೀತಿ. ನಮ್ಮಂತೆಯೇ ಕನ್ನಡದ ಗಡಿನಾಡಾದ ನೀಲಗಿರಿಗೂ ಈ ಚರಿತ್ರೆಯಲ್ಲಿ ಪಾಲಿದೆ. ಆದರೆ ಮೆಸ್ಸಿನಲ್ಲಿ ಒಬ್ಬರ ಕೈಗುಣ ಇನ್ನೊಬ್ಬರಿಗೆ ಗೊತ್ತಿತ್ತು.

ಅಮೆರಿಕದಲ್ಲಿ ಕತೆ ಬೇರೆಯಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ‘ಪೂಲ್ ರೂಮ್’ ಎಂದರೆ ಕುದುರೆ ಜೂಜಿನ ಕಟ್ಟೆ. ಓಟದಿಂದ ಓಟಕ್ಕೆ ಹೊತ್ತು ಕಳೆಯಲು ಬಿಲಿಯರ್ಡ್ಸ್ ಮೇಜು ಹಾಕಿದರು, ಹೆಸರು ಮೇಜಿನ ಆಟಕ್ಕೆ ಅಂಟಿತು. ಊರೂರು ತಿರುಗಿ, ಅಪರಿಚಿತರೊಡನೆ ಪಣ ಕಟ್ಟಿ ಬದುಕುವ ‘ಹಸ್ಲರ್’ ಎಂಬವನೂ ಬೆಳೆದ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾವಿಕರ ಸಂಬಳ ಓಡಾಡುತ್ತಿದ್ದ ನಾರ್ಫೋಕ್ ಬಂದರು ಇಂಥವರ ಬೀಡಾಯಿತು. ಸಮಾಜಶಾಸ್ತ್ರಜ್ಞ ನೆಡ್ ಪೋಲ್ಸ್ಕಿ 1967ರ ತನ್ನ ಪುಸ್ತಕದಲ್ಲಿ ಇವರ ಗುಟ್ಟನ್ನು ಬಿಡಿಸಿಟ್ಟ: ಹಸ್ಲರನ ಮೋಸ ಚೆಂಡಿನಲ್ಲಿಲ್ಲ, ಕೋಲಿನಲ್ಲಿಲ್ಲ, ತನಗೆಷ್ಟು ಬರುತ್ತದೆ ಎಂಬುದನ್ನು ಮುಚ್ಚಿಡುವುದರಲ್ಲಿದೆ. ಪಣದ ಮಾತುಕತೆಯಲ್ಲೇ ಸೋಲು ಗೆಲುವು ಅರ್ಧ ತೀರ್ಮಾನವಾಗಿರುತ್ತದೆ.

ಮುಚ್ಚಿಟ್ಟದ್ದು ಬಯಲಾದರೆ ಉಳಿಗಾಲವಿಲ್ಲ. ವಾಲ್ಟರ್ ಟೆವಿಸ್‌ನ 1959ರ ‘ದಿ ಹಸ್ಲರ್’ ಕಾದಂಬರಿಯಲ್ಲೂ 1961ರ ಚಿತ್ರದಲ್ಲೂ, ಕೈಚಳಕ ಹೊರಗೆ ಬಂದೊಡನೆ ಸೋತವರು ನಾಯಕನ ಹೆಬ್ಬೆರಳು ಮುರಿಯುತ್ತಾರೆ. ಅದರಲ್ಲಿ ಬರುವ ‘ಮಿನೆಸೋಟ ಫ್ಯಾಟ್ಸ್’ ತಾನೇ ಎಂದು ರುಡಾಲ್ಫ್ ವಾಂಡರೋನ್ ಎಂಬ ಹಳೆಯ ಆಟಗಾರ ಸಾರಿಕೊಂಡ. ಟೆವಿಸ್ ಒಪ್ಪಲಿಲ್ಲ, ಆದರೂ ಜನ ನಂಬಿದರು. 1978ರಲ್ಲಿ ವಿಶ್ವವಿಜೇತ ವಿಲ್ಲಿ ಮೊಸ್ಕೋನಿಯೊಡನೆ ಟಿ.ವಿ.ಯಲ್ಲಿ ಆಡಿ ಆತ ಸೋತ. ಊರಿಗೆಲ್ಲ ಮುಖ ಗೊತ್ತಾದವನಿಗೆ ಅಪರಿಚಿತನ ವೇಷ ಹಾಕಲಾದೀತೆ? 1961ರಿಂದ ಜಾನ್‌ಸ್ಟನ್ ಸಿಟಿಯಲ್ಲಿ ಇಂಥವರೆಲ್ಲ ಕೂಡುತ್ತಿದ್ದ ಪಂದ್ಯಾವಳಿ 1972ರ ಸರಕಾರಿ ದಾಳಿಯೊಂದಿಗೆ ಮುಗಿಯಿತು.

ಯಕ್ಷಗಾನದ ನಾಡಿನ ನಮಗೆ ಇದು ಹೊಸತಲ್ಲ. ಜೂಜಿನಲ್ಲಿ ರಾಜ್ಯ ಕಳೆದ ಧರ್ಮರಾಯ ಕಾಡಿನಲ್ಲಿ ಬೃಹದಶ್ವ ಮುನಿಯಿಂದ ಅಕ್ಷವಿದ್ಯೆ ಕಲಿತ, ಮತ್ತೆ ಕಂಕಭಟ್ಟನಾಗಿ ವಿರಾಟನ ಎದುರು ದಾಳ ಹಿಡಿದು ಕೂತ. ಎದುರಿಗಿರುವವನು ಯಾರೆಂದು ವಿರಾಟನಿಗೆ ತಿಳಿಯಲಿಲ್ಲ. ನನಗೂ ತಿಳಿದಿರಲಿಲ್ಲ.

ಈಗ ನಾನು ಬ್ಯಾಂಕಿನ ಚಿನ್ನದ ಸಾಲದ ಕೌಂಟರಿನಲ್ಲಿದ್ದೇನೆ. ಮೊಬೈಲಿನಲ್ಲಿ ಮುಖವೇ ಕಾಣದವರೊಡನೆ ಹಣವಿಟ್ಟು ಆಡಿ ಸೋತ ಹುಡುಗರ ತಾಯಂದಿರು ಓಲೆ ಅಡವಿಡಲು ಬಂದದ್ದುಂಟು. 2025ರಲ್ಲಿ ಸಂಸತ್ತು ಅಂಥ ಆಟಗಳನ್ನು ನಿಷೇಧಿಸಿತು. ಆದರೂ ಓಲೆ ತೂಗುವಾಗಲೆಲ್ಲ ನನಗೆ ನೆನಪಾಗುವುದು ಅಮ್ಮನ ಓಲೆ. ನನ್ನ ಫೀಸನ್ನು ಎರಡನೆಯ ಸಲ ಕಟ್ಟಿದ್ದು ಅದನ್ನು ಅಡವಿಟ್ಟೇ. ಏಕೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಇಲ್ಲಿ ಹೇಳಿದ್ದೇನೆ.