ಸೇತುವೆಯೇ ಬಂದರಾದ ಊರು

ಹೊರನಾಡಿನಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಹೈದರಾಬಾದ್ ಎಂದರೆ ಬಿರಿಯಾನಿ, ಚಾರ್‌ಮಿನಾರ್. ಬೀದರ್, ಕಲಬುರಗಿ, ರಾಯಚೂರಿನ ಹಿರಿಯರಿಗೆ ಅದು 1956ರವರೆಗೆ ರಾಜಧಾನಿ. ನಿಜಾಮರಿಗೂ ಮೊದಲು, ಕುತುಬ್ ಶಾಹಿಗಳ ಕಾಲದಲ್ಲಿ, ಅದು ಸಾಹುಕಾರರ ಊರಾಗಿತ್ತು. ಅಲ್ಲಿನ ಮೂಸಿ ನದಿ ಸರಕು ಹೊರುವ ಹೊಳೆಯಲ್ಲ. ಎಲ್ಲವೂ ಎತ್ತುಗಳ ಮೇಲೆ ಬರಬೇಕಿತ್ತು. ಹೊಳೆ ದಾಟುವ ಜಾಗವೇ ವ್ಯಾಪಾರದ ಜಾಗವಾಯಿತು.

ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಮೂಸಿಯ ಮೇಲೆ ಪುರಾನಾಪುಲ್ ಸೇತುವೆ ಕಟ್ಟಿಸಿದ್ದು 1578ರಲ್ಲಿ. ಮಗ ಮಹಮ್ಮದ್ ಕುಲಿ ಹೈದರಾಬಾದ್ ಕಟ್ಟಿದ್ದು 1591ರಲ್ಲಿ. ಅಂದರೆ ಊರಿಗಿಂತ ಸೇತುವೆಯೇ 13 ವರ್ಷ ಹಿರಿದು. ಪ್ರೇಯಸಿ ಭಾಗಮತಿಗಾಗಿ ರಾಜಕುಮಾರ ಮಹಮ್ಮದ್ ಕುಲಿ ತುಂಬುಹೊಳೆ ದಾಟಿದ, ಅದಕ್ಕೇ ಸೇತುವೆ ಬಂತು ಎಂಬ ಪ್ರೇಮಕಥೆಯನ್ನು ಗೈಡುಗಳು ಸೊಗಸಾಗಿ ಹೇಳುತ್ತಾರೆ. ನನಗೇನೋ ಮಚಲೀಪಟ್ಟಣದ ಬಂದರಿಗೆ ಹೋಗುವ ಹೆದ್ದಾರಿಯೇ ನಂಬಲರ್ಹ ಕಾರಣ.

ಸೇತುವೆಯ ಆಚೆ, ಗೋಲ್ಕೊಂಡ ಕೋಟೆಯ ದಿಕ್ಕಿಗೆ, ಕಾರವಾನ್ ಪೇಟೆ. 17ನೆಯ ಶತಮಾನದಲ್ಲಿ ಬಂದ ಫ್ರೆಂಚ್ ವಜ್ರವ್ಯಾಪಾರಿ ತಾವೆರ್ನಿಯೆ ಬರೆದಂತೆ, ವರ್ತಕರೂ ದಲ್ಲಾಳಿಗಳೂ ಅಲ್ಲಿ ವಾಸವಿದ್ದು, ಹಗಲು ಹೊಳೆ ದಾಟಿ ಬಂದು ವ್ಯಾಪಾರ ಮುಗಿಸಿ ಸಂಜೆ ಮನೆಗೆ ಮರಳುತ್ತಿದ್ದರು. ವಜ್ರ ಹುಟ್ಟುತ್ತಿದ್ದುದು ಇಲ್ಲಲ್ಲ, ದೂರದ ಕೃಷ್ಣಾ ತೀರದಲ್ಲಿ. ಅಲ್ಲಿನ ಕೊಲ್ಲೂರು ಗಣಿಯಲ್ಲಿ (ಮೂಕಾಂಬಿಕೆಯ ಕೊಲ್ಲೂರಲ್ಲ!) ಸುಮಾರು 60,000 ಜನ ದುಡಿಯುತ್ತಿದ್ದರೆಂದು ಅವನ ಅಂದಾಜು. ಗಣಿಗಳ ಸೀಮೆಯ ಚೌಕಾಸಿ ಇನ್ನೂ ಸ್ವಾರಸ್ಯ: ಮಾರುವವನೂ ಕೊಳ್ಳುವವನೂ ಎದುರುಬದುರು ಕೂತು, ಬಟ್ಟೆಯ ಮರೆಯಲ್ಲಿ ಬೆರಳು ಹಿಡಿದು, ಬಾಯಿ ಬಿಡದೆ ಬೆಲೆ ಮುಗಿಸುತ್ತಿದ್ದರು. ನಮ್ಮ ದನದ ಜಾತ್ರೆಗಳಲ್ಲಿ ಟವಲಿನ ಕೆಳಗೆ ನಡೆಯುವುದೂ ಇದೇ. ಮರದಡಿ ತಕ್ಕಡಿ, ಹೊನ್ನಿನ ಚೀಲ ಇಟ್ಟುಕೊಂಡು ಹುಡುಗರೇ ವಜ್ರ ಕೊಳ್ಳುತ್ತಿದ್ದುದನ್ನೂ ಅವನು ಕಂಡ. ಅವನು ಹದಿನಾಲ್ಕನೆಯ ಲೂಯಿಗೆ ಮಾರಿದ ನೀಲಿ ವಜ್ರವನ್ನು ಮತ್ತೆ ಕಡೆದದ್ದೇ ಇಂದು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿರುವ ಹೋಪ್ ವಜ್ರ. ಅದು ಕೊಲ್ಲೂರಿನದೆಂದು ನಂಬಿಕೆ. ಅಮೆರಿಕದಲ್ಲಿರುವವರು ಟಿಕೆಟ್ಟಿಲ್ಲದೆ ನೋಡಬಹುದು.

ವಜ್ರದ ಹೊಳಪಿನಲ್ಲಿ ಬಟ್ಟೆ ಮರೆತುಹೋಗುತ್ತದೆ. ಮಚಲೀಪಟ್ಟಣದಿಂದ ಪರ್ಷಿಯಾಕ್ಕೆ ಬಣ್ಣದ ಕಲಂಕಾರಿ ಹೋಗುತ್ತಿತ್ತು. ಅದರ ಬೆನ್ನು ಹತ್ತಿಯೇ ಡಚ್ಚರು, 1611ರಲ್ಲಿ ಇಂಗ್ಲಿಷರು ಅಲ್ಲಿಗೆ ಬಂದಿಳಿದರು.

1687ರಲ್ಲಿ ಔರಂಗಜೇಬ ಗೋಲ್ಕೊಂಡವನ್ನು ಗೆದ್ದ. ರಾಜವಂಶ ಮುಗಿಯಿತು, ಸಾಹುಕಾರಿಕೆ ಮುಗಿಯಲಿಲ್ಲ: ಮುಂದೆ ಕಾರವಾನ್, ಬೇಗಂ ಬಜಾರಿನ ಲೇವಾದೇವಿಗಾರರು ನಿಜಾಮರ ಸರ್ಕಾರಕ್ಕೇ ಸಾಲ ಕೊಟ್ಟರು. ಆದರೆ ಊರನ್ನು ಬೆಳೆಸಿದ ಹೊಳೆಯೇ ಒಮ್ಮೆ ಮುನಿಯಿತು: 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಸಾವಿರಾರು ಜನರನ್ನು ಕೊಚ್ಚಿಕೊಂಡು ಹೋದಾಗ ನಿಜಾಮರು ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಗಡೆಯೇ ನೀರು ತಡೆಯಿರಿ ಎಂದರು ಅವರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಆ ಸಲಹೆಯಿಂದಲೇ ಆದವು.