ಕತ್ತರಿ ಮಾಡಿದ್ದು ಯಾರ ಕೈಗೆ?

ಖಾಲಿ ಕತ್ತರಿ ಆಡಿಸಿದ್ರೆ ಮನೇಲಿ ಜಗಳ ಆಗುತ್ತೆ ಅಂತ ಬೈಸಿಕೊಳ್ಳದೇ ಬೆಳೆದವರು ನಮ್ಮಲ್ಲಿ ಯಾರಾದ್ರೂ ಇದ್ದೀರಾ? ಅದರ ಬೆನ್ನಿಗೇ ಬರುತ್ತಿದ್ದ ಇನ್ನೊಂದು ಕಟ್ಟಪ್ಪಣೆ, ಬಟ್ಟೆ ಕತ್ತರಿಯಲ್ಲಿ ಪೇಪರ್ ಕತ್ತರಿಸಬಾರದು ಅನ್ನೋದು. ಮೊದಲನೆಯದು ಬರೀ ನಂಬಿಕೆ. ಎರಡನೆಯದರಲ್ಲಿ ಮಾತ್ರ ಹುರುಳಿದೆ. ಕಾಗದ ಬೆಳ್ಳಗೆ, ನುಣ್ಣಗೆ ಇರಲಿ ಅಂತ ಅದರಲ್ಲಿ ಜೇಡಿಮಣ್ಣು, ಸುಣ್ಣದ ಪುಡಿಯಂಥವನ್ನು ಸೇರಿಸಿರುತ್ತಾರೆ. ಅವು ಅಲಗಿನ ಹರಿತವನ್ನು ಸವೆಸುತ್ತವೆ. ಮೊಂಡಾದ ಕತ್ತರಿ ಬಟ್ಟೆಯನ್ನು ಕತ್ತರಿಸೋದಿಲ್ಲ, ಜಗಿಯುತ್ತದೆ.

ನಾನು ಕೌದಿ, ಕ್ವಿಲ್ಟ್ ಅಂತ ಚಿಂದಿ ಗುಡ್ಡೆ ಹಾಕಿಕೊಂಡು ಕೂರೋದು ಗೊತ್ತಿರುವ ಕೆಲವು ಗೆಳತಿಯರು ಆಗಾಗ ಕೇಳುತ್ತಾರೆ: "ಯಾವ ಕತ್ತರಿ ತಗೋಬೇಕು? ಆ ರೋಟರಿ ಕಟರ್ ಒಳ್ಳೇದಾ? ಕೈ ಕುಯ್ದುಕೊಳ್ಳಲ್ವಾ?" ಒಂದೇ ಸಾಲಿನಲ್ಲಿ ಹೇಳಿಬಿಡಬಹುದು. ಆದರೆ ಈ ಹತಾರಗಳ ಚರಿತ್ರೆ ಓದುತ್ತಾ ಹೋದಾಗ ನನಗೆ ಒಂದು ವಿಷಯ ಹೊಳೆಯಿತು. ಪ್ರತಿಯೊಂದು ಕತ್ತರಿಯನ್ನೂ ಯಾರೋ ಒಬ್ಬರ ಕೈಯನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಮಾಡಿದ್ದಾರೆ. ಆ ಕೈ ನಮ್ಮದಲ್ಲದಿದ್ದರೆ ನೋವು ನಮ್ಮದು, ಅಷ್ಟೇ.

ಮೊದಲಿಗೆ ಕತ್ತರಿಯೇ ಬೇಡದ ಕೆಲಸದಿಂದ ಶುರು ಮಾಡೋಣ. ನಮ್ಮಜ್ಜಿ ಕೌದಿಗೆ ಹಳೇ ಸೀರೆ ಹರಿಯುವಾಗ ಅಂಚಿನಲ್ಲಿ ಕತ್ತರಿಯಿಂದ ಒಂದೇ ಒಂದು ಕಚ್ಚು ಹಾಕುತ್ತಿದ್ದಳು. ಆಮೇಲೆ ಎರಡೂ ಕೈಯಲ್ಲಿ ಹಿಡಿದು "ಪರ್‍ರ್" ಅಂತ ಎಳೆದರೆ ಮುಗೀತು. ಕೈಮಗ್ಗದ ಹತ್ತಿ ಬಟ್ಟೆ ಎಳೆಗುಂಟ ಹರಿಯುತ್ತದೆ. ಸ್ಕೇಲ್ ಇಟ್ಟು ಕತ್ತರಿಸಿದ್ದಕ್ಕಿಂತ ನೇರ! ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರ ಕವಂದಿಯನ್ನು ನೋಡಿದ್ದೀರಾ? ಅವರು ಹೊರ ಅಂಚಿನಿಂದ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ತುಣುಕಿನ ಅಂಚು ಮಡಚಿ, ಅಲ್ಲಲ್ಲೇ ಕೂರಿಸಿ, ಹೊಲಿಗೆ ಹಾಕುತ್ತಾ ಹೋಗುತ್ತಾರೆ. ಜಾಗಕ್ಕೆ ತಕ್ಕ ತುಣುಕು. ಅಲ್ಲಿ ಒಂದೊಂದೂ ಅಳತೆಗೆ ಸರಿಯಾಗಿ ಇರಲೇಬೇಕು ಅನ್ನುವ ಹಟ ಇಲ್ಲ.

ಅಮೆರಿಕದ ಕ್ವಿಲ್ಟ್‌ನ ಲೆಕ್ಕವೇ ಬೇರೆ. ಚೌಕ, ತ್ರಿಕೋನ, ಪಟ್ಟಿ ಜೋಡಿಸಿ ಒಂದು 'ಬ್ಲಾಕ್', ಅಂಥ ಹತ್ತಾರು ಬ್ಲಾಕ್ ಸೇರಿದರೆ ಒಂದು ಹೊದಿಕೆ. ಒಂದೊಂದು ತುಣುಕು 1 ಮಿಲಿಮೀಟರ್ ಹೆಚ್ಚಾದರೂ 20 ತುಣುಕು ಸೇರುವಷ್ಟರಲ್ಲಿ 2 ಸೆಂಟಿಮೀಟರ್ ಹೆಚ್ಚು, ಮೂಲೆಗೆ ಮೂಲೆ ಕೂಡೋದೇ ಇಲ್ಲ. ಹಾಗಾಗಿ ಅಲ್ಲಿನ ಹೆಂಗಸರು ರಟ್ಟಿನದೋ ತಗಡಿನದೋ ಅಚ್ಚು ಇಟ್ಟು, ಪೆನ್ಸಿಲ್‌ನಲ್ಲಿ ಗೆರೆ ಎಳೆದು, ನೂರಾರು ತುಣುಕುಗಳನ್ನು ಒಂದೊಂದಾಗಿ ಕತ್ತರಿಯಲ್ಲಿ ಕತ್ತರಿಸುತ್ತಿದ್ದರು.

ಈಗ ಆ ಕತ್ತರಿಯ ಕಥೆ. ಬಲು ಹಳೆಯ ಕತ್ತರಿಗೆ ನಡುವೆ ಮೊಳೆಯೇ ಇರಲಿಲ್ಲ. ಇಕ್ಕಳದ ಹಾಗೆ ಬಾಗಿದ ಒಂದು ಪಟ್ಟಿ, ಅದರ ಎರಡು ತುದಿಗೆ ಎರಡು ಅಲಗು. ಕುರಿ ಉಣ್ಣೆ ಕತ್ತರಿಸೋಕೆ ಈಗಲೂ ಅಂಥದ್ದು ಬಳಕೆಯಲ್ಲಿದೆ. ನಡುವೆ ಮೊಳೆ ಹೊಡೆದ ಕತ್ತರಿ ರೋಮನ್ನರ ಕಾಲಕ್ಕೇ ಬಂದಿತ್ತು. 1740ರ ದಶಕದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಬೆಂಜಮಿನ್ ಹಂಟ್ಸ್‌ಮನ್ ಎಂಬಾತ ಮೂಸೆಯಲ್ಲಿ ಕರಗಿಸಿ ಗಟ್ಟಿ ಉಕ್ಕು ಮಾಡುವ ವಿಧಾನ ಕಂಡುಕೊಂಡ. ಆಮೇಲೆ ಹರಿತ ಉಳಿಯುವ ಕತ್ತರಿ ಹೆಚ್ಚು ಜನರ ಕೈಗೆ ಬರುತ್ತಾ ಹೋಯಿತು.

ಆದರೆ ದೊಡ್ಡ ಬಟ್ಟೆ ಕತ್ತರಿ ರೂಪುಗೊಂಡದ್ದು ದರ್ಜಿಗಳಿಗಾಗಿ. ಅಂದರೆ ಗಂಡಸರ ಕೈಗೆ. 19ನೇ ಶತಮಾನದಲ್ಲಿ ಅಮೆರಿಕದ ನ್ಯೂವಾರ್ಕ್ ನಗರ ಇದಕ್ಕೆ ಹೆಸರುವಾಸಿಯಾಗಿತ್ತು. ರೋಕಸ್ ಹೈನಿಶ್ ಅಲ್ಲಿ ದರ್ಜಿ ಕತ್ತರಿ ಮಾಡುತ್ತಿದ್ದ. 1848ರಲ್ಲಿ ಸ್ವಿಟ್ಜರ್ಲೆಂಡಿನಿಂದ ಬಂದ ಜೇಕಬ್ ವಿಸ್ ಕೂಡ ಅಲ್ಲೇ ಅಂಗಡಿ ಹಾಕಿದ. (ಆತನ ಸಾಣೆ ಯಂತ್ರವನ್ನು ತಿರುಗಿಸುತ್ತಿದ್ದದ್ದು ಅವನ ಸೇಂಟ್ ಬರ್ನಾರ್ಡ್ ನಾಯಿಗಳಂತೆ :-) ) ಆ ದರ್ಜಿ ಕತ್ತರಿಯ ಹಿಡಿಕೆ ಮೇಲಕ್ಕೆ ಬಾಗಿರುತ್ತದೆ, ನೋಡಿ. ಕೆಳಗಿನ ಅಲಗು ಮೇಜಿನ ಮೇಲೆ ಮಟ್ಟಸವಾಗಿ ಜಾರುತ್ತದೆ, ಬಟ್ಟೆ ಎತ್ತುವ ಹಾಗಿಲ್ಲ. ಕೆಳಗಿನ ಬಳೆ ದೊಡ್ಡದು, ಮೂರು ನಾಲ್ಕು ಬೆರಳು ಹಿಡಿಸುವಷ್ಟು. ಭಾರ ಒಂದೇ ಬೆರಳಿನ ಮೇಲೆ ಬೀಳೋದಿಲ್ಲ. ಇದು ನಿಜಕ್ಕೂ ಜಾಣತನ. ಮೇಜಿನ ಮುಂದೆ ನಿಂತು, ದಪ್ಪ ಉಣ್ಣೆ ಬಟ್ಟೆ ಕತ್ತರಿಸುವ ಗಟ್ಟಿ ಕೈಗೆ ಹೇಳಿ ಮಾಡಿಸಿದ್ದು.

ನಮ್ಮ ಟೈಲರ್ ಅಂಗಡಿಗಳಲ್ಲಿ ಕಾಣುವ ಹಿತ್ತಾಳೆ ಹಿಡಿಕೆಯ ಮೀರತ್ ಕತ್ತರಿಯೂ ಇದೇ ಜಾತಿ. ಗುಜರಿ ಕಬ್ಬಿಣದಿಂದ ಅಲಗು, ಸವೆದಾಗ ಮತ್ತೆ ಮತ್ತೆ ಸಾಣೆ. ಅಜ್ಜ ಕೊಂಡದ್ದನ್ನು ಮೊಮ್ಮಗ ಬಳಸುತ್ತಾನೆ ಅಂತ ಆ ಊರಿನ ಮಾತು. 2013ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅಜ್ಜ, ಮೊಮ್ಮಗ... ಸರಿ. ಅಜ್ಜಿ, ಮೊಮ್ಮಗಳ ಕೈಗೆ ಅದು ಭಾರ. ಅರ್ಧ ಗಂಟೆ ಆಡಿಸಿದರೆ ಹೆಬ್ಬೆರಳ ಬುಡದಲ್ಲಿ ನೋವು ಶುರು.

ಎಡಗೈಯವರ ಪಾಡು ಇನ್ನೂ ಕಷ್ಟ. ಬಲಗೈ ಕತ್ತರಿಯನ್ನು ಬಲಗೈಯಲ್ಲಿ ಒತ್ತಿದಾಗ ಬೆರಳುಗಳ ಸಹಜ ಒತ್ತಡ ಎರಡೂ ಅಲಗುಗಳನ್ನು ಒಂದಕ್ಕೊಂದು ತಾಗಿಸುತ್ತದೆ. ಅದೇ ಕತ್ತರಿ ಎಡಗೈಗೆ ಹೋದರೆ ಆ ಒತ್ತಡವೇ ಅಲಗುಗಳನ್ನು ದೂರ ತಳ್ಳುತ್ತದೆ, ಬಟ್ಟೆ ನಡುವೆ ಮಡಚಿಕೊಳ್ಳುತ್ತದೆ. ಗೆರೆಯೂ ಅಲಗಿನ ಹಿಂದೆ ಮರೆಯಾಗುತ್ತದೆ. ನನ್ನ ಚಿಕ್ಕಮ್ಮ ಎಡಗೈಯವಳು. ಹೊಲಿಗೆ ಕ್ಲಾಸಿನಲ್ಲಿ ಅವಳಿಗೆ ಹೇಳಿದ್ದು, "ನಿನಗೆ ಕಟಿಂಗ್ ಬರಲ್ಲ ಬಿಡಮ್ಮ" ಅಂತ. ಅವಳು ಜೀವನಪೂರ್ತಿ ಬೇರೆಯವರು ಕತ್ತರಿಸಿಕೊಟ್ಟದ್ದನ್ನೇ ಹೊಲಿದಳು. ಬಾರದೇ ಇದ್ದದ್ದು ಅವಳಿಗಲ್ಲ, ಕತ್ತರಿಗೆ! ಅಲಗುಗಳನ್ನೇ ತಿರುವುಮುರುವಾಗಿ ಜೋಡಿಸಿದ ನಿಜವಾದ ಎಡಗೈ ಕತ್ತರಿ ಸಿಗುತ್ತದೆ. ಹಿಡಿಕೆ ಮಾತ್ರ ಬದಲಿಸಿ 'ಎರಡೂ ಕೈಗೆ' ಅಂತ ಮಾರುವುದು ಬೇರೆ. ಕೊಳ್ಳುವಾಗ ಇದನ್ನು ನೋಡಿಕೊಳ್ಳಿ.

ಹಗುರ ಕತ್ತರಿ ಬಂದದ್ದು ಫಿನ್ಲೆಂಡಿನಿಂದ. ಅಲ್ಲಿನ ಫಿಸ್ಕರ್ಸ್ ಹಳ್ಳಿಯಲ್ಲಿ 1649ರಲ್ಲೇ ಕಬ್ಬಿಣದ ಕೆಲಸ ಶುರುವಾಗಿತ್ತು. 1967ರಲ್ಲಿ ಅದೇ ಹೆಸರಿನ ಕಂಪನಿ ಪ್ಲಾಸ್ಟಿಕ್ ಹಿಡಿಕೆಯ ಕತ್ತರಿ ತಂದಿತು. ವಿನ್ಯಾಸ ಊಲೋಫ್ ಬ್ಯಾಕ್‌ಸ್ಟ್ರೋಮ್ ಅವರದು. ಪ್ಲಾಸ್ಟಿಕ್ ಆದ್ದರಿಂದ ಹಿಡಿಕೆಗೆ ಹೆಬ್ಬೆರಳು, ಬೆರಳುಗಳ ಆಕಾರ ಕೊಡೋದು ಸುಲಭವಾಯಿತು, ತೂಕವೂ ಇಳಿಯಿತು. ಆ ಕಿತ್ತಳೆ ಬಣ್ಣ ಹೇಗೆ ಬಂತು ಗೊತ್ತಾ? ಹಣ್ಣಿನ ರಸ ತೆಗೆಯುವ ಯಂತ್ರಕ್ಕೆ ಬಳಸಿದ ಕಿತ್ತಳೆ ಪ್ಲಾಸ್ಟಿಕ್ ಅಚ್ಚಿನ ಯಂತ್ರದಲ್ಲಿ ಉಳಿದಿತ್ತು. ಅದರಲ್ಲೇ ಮಾದರಿ ಮಾಡಿದರು. ಆಮೇಲೆ ಕೆಲಸಗಾರರಿಂದ ವೋಟು ಹಾಕಿಸಿದಾಗ ಕಪ್ಪು ಸೋತು ಕಿತ್ತಳೆ ಗೆದ್ದಿತು.

ಇನ್ನು ರೋಟರಿ ಕಟರ್. ಇದರ ಬೇರು ಜಪಾನಿನ ಒಸಾಕಾದಲ್ಲಿದೆ. ಛಾಪಖಾನೆಯಲ್ಲಿ ಕಾಗದ ಕತ್ತರಿಸಿ ಬ್ಲೇಡ್ ಮೊಂಡಾಗುವುದು ನೋಡಿ ಬೇಸತ್ತಿದ್ದ ಯೋಶಿಯೋ ಒಕಾಡಾ 1956ರಲ್ಲಿ ತುದಿ ಮುರಿದರೆ ಹೊಸ ಹರಿತ ಸಿಗುವ ಬ್ಲೇಡ್ ಮಾಡಿದರು. ಚಪ್ಪಲಿ ಹೊಲಿಯುವವರು ಬಳಸುತ್ತಿದ್ದ ಒಡೆದ ಗಾಜು ಮತ್ತು ಗೆರೆಗುಂಟ ಮುರಿಯುವ ಚಾಕೊಲೇಟ್, ಇವೆರಡರಿಂದ ಹೊಳೆದ ಉಪಾಯವಂತೆ. ಕಂಪನಿಯ ಹೆಸರು 'ಓಲ್ಫಾ' ಬಂದದ್ದೂ ಜಪಾನಿ ಭಾಷೆಯ 'ಮುರಿಯುವ ಅಲಗು' ಅನ್ನುವ ಮಾತಿನಿಂದಲೇ. ಅದೇ ಕಂಪನಿ 1979ರಲ್ಲಿ ಬಟ್ಟೆಗೆ ರೋಟರಿ ಕಟರ್ ತಂದಿತು. ಪಿಜ್ಜಾ ಕತ್ತರಿಸುವ ಚಕ್ರ ನೋಡಿದ್ದೀರಲ್ಲ, ಹಾಗೇ, ಆದರೆ ರೇಜರ್‌ನಷ್ಟು ಹರಿತ.

ಸಮಯವೂ ಕೂಡಿ ಬಂತು. 1971ರಲ್ಲಿ ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂ ಕ್ವಿಲ್ಟ್‌ಗಳನ್ನು ಚಿತ್ರಕಲೆಯ ಹಾಗೆ ಗೋಡೆಗೆ ತೂಗುಹಾಕಿತ್ತು. 1976ರಲ್ಲಿ ಅಮೆರಿಕದ ಸ್ವಾತಂತ್ರ್ಯಕ್ಕೆ 200 ವರ್ಷ ತುಂಬಿದಾಗ ಹಳೇ ಕಸುಬುಗಳ ಮೇಲೆ ಮತ್ತೆ ಪ್ರೀತಿ ಉಕ್ಕಿತ್ತು. ಅಂಥ ಹೊತ್ತಿಗೆ ಈ ಚಕ್ರ ಕೈಗೆ ಬಂತು. ಕೆಳಗೆ ಮ್ಯಾಟ್, ಮೇಲೆ ಗೆರೆ ಹಾಕಿದ ಪಾರದರ್ಶಕ ಸ್ಕೇಲ್, ನಾಲ್ಕು ಪದರ ಬಟ್ಟೆ, ಒಂದೇ ಉರುಳು. ಪೆನ್ಸಿಲ್ ಇಲ್ಲ, ಅಚ್ಚು ಇಲ್ಲ. ಬೆರಳು ಸಾವಿರ ಸಲ ತೆರೆದು ಮುಚ್ಚುವುದು ತಪ್ಪಿತು. ಸಂಧಿನೋವು ಇರುವ ಎಷ್ಟೋ ಹಿರಿಯರಿಗೆ ಕ್ವಿಲ್ಟ್ ಮತ್ತೆ ಸಾಧ್ಯವಾಯಿತು. ಚಕ್ರಕ್ಕೆ ಎಡ ಬಲ ಅನ್ನೋ ಭೇದ ಕಡಿಮೆ, ಬಹುತೇಕ ಕಟರ್‌ಗಳಲ್ಲಿ ಬ್ಲೇಡನ್ನು ಇನ್ನೊಂದು ಬದಿಗೆ ಹಾಕಿಕೊಳ್ಳಬಹುದು.

ಆದರೆ ನೋವಿನ ರೀತಿ ಬದಲಾಯಿತು. ಕತ್ತರಿ ವರ್ಷಗಟ್ಟಲೆ ನಿಧಾನವಾಗಿ ಕೈ ಕೆಡಿಸುತ್ತದೆ. ಕಟರ್ ಒಂದು ಕ್ಷಣದಲ್ಲಿ ಬೆರಳು ಕುಯ್ಯುತ್ತದೆ. ಅದಕ್ಕೇ ಹಿಡಿ ಬಿಟ್ಟ ಕೂಡಲೇ ಬ್ಲೇಡ್ ತಾನೇ ಒಳಗೆ ಹೋಗುವಂಥದ್ದು, ಲಾಕ್ ಇರುವಂಥದ್ದು ಬಂದವು. ನನ್ನನ್ನು ಕೇಳಿದರೆ ಅಂಥದ್ದನ್ನೇ ಕೊಳ್ಳಿ. ಮೊದಲಿಗೆ 45 ಮಿಲಿಮೀಟರ್ ಬ್ಲೇಡ್ ಸಾಕು. ಬಳುಕು ತಿರುವಿಗೆ 28, ದಪ್ಪ ಪದರಗಳಿಗೆ 60. ನಿಂತು ಕತ್ತರಿಸಿ, ಮೈಯಿಂದ ಆಚೆಗೆ ಉರುಳಿಸಿ, ಸ್ಕೇಲ್ ಹಿಡಿದ ಬೆರಳು ಅಂಚಿನಿಂದ ಒಳಗಿರಲಿ. ಬ್ಲೇಡ್ ಮೊಂಡಾದರೆ ಬದಲಿಸಿ. ಮೊಂಡಾದದ್ದೇ ಹೆಚ್ಚು ಅಪಾಯ, ಜೋರಾಗಿ ಒತ್ತುತ್ತೀರಿ, ಜಾರುತ್ತದೆ. ಬರೀ ಕೌದಿ ಹೊಲಿಯುವವರಾದರೆ ಇದ್ಯಾವುದೂ ಬೇಡ. ಕೈಗೆ ಹಗುರಾದ ಒಂದು ಹರಿತ ಕತ್ತರಿ ಮತ್ತು ಅಜ್ಜಿಯ "ಪರ್‍ರ್" ಧಾರಾಳವಾಗಿ ಸಾಕು.

ಕೊನೆಯದಾಗಿ ಒಂದು. ಬದಲಿಸಿದ ಬ್ಲೇಡನ್ನು ಏನು ಮಾಡುತ್ತೀರಿ? ಮೊಂಡಾದ ಬ್ಲೇಡ್ ಬಟ್ಟೆ ಕತ್ತರಿಸದಿರಬಹುದು, ಕೈ ಕುಯ್ಯಲು ಅಷ್ಟು ಹರಿತ ಸಾಕು. ಕಸದ ಚೀಲದಲ್ಲಿ ಹಾಗೇ ಎಸೆದರೆ ಬೆಳಗ್ಗೆ ಅದನ್ನು ಬೇರ್ಪಡಿಸುವ ಪೌರಕಾರ್ಮಿಕರ ಕೈಗೆ ಸಿಗುವುದು ಅದೇ. ನಾನು ಹಳೇ ತಗಡಿನ ಡಬ್ಬಿಯೊಂದರ ಮುಚ್ಚಳಕ್ಕೆ ಸೀಳು ಮಾಡಿ, ಟೇಪ್ ಸುತ್ತಿ, ಮೇಲೆ ದಪ್ಪಕ್ಷರದಲ್ಲಿ 'ಬ್ಲೇಡ್' ಅಂತ ಬರೆದಿಟ್ಟಿದ್ದೇನೆ. ತುಂಬಿದ ಮೇಲೆ ಡಬ್ಬಿಯನ್ನೇ ಕೈಗೆ ಕೊಟ್ಟು, ಒಳಗೇನಿದೆ ಅಂತ ಹೇಳುತ್ತೇನೆ. ನೀವೂ ಇವತ್ತೇ ಒಂದು ಡಬ್ಬಿ ಹುಡುಕಿಡಿ.